ಲಾಂಚಿನ ಇಂಜಿನು ಹಾಕಿಸಿಕೊಂಡ ನಮ್ಮ ಕಾರು

ಗಂಡಸಾದವನು ಕಾರಿನ ರಿಪೇರಿ ಮುಗಿಯುವ ಮೊದಲು ಅದರ ಸುದ್ದಿಯನ್ನು ಹೆಂಡತಿಗೆ ಹೇಳಬಾರದು. ನಾನು ಹೇಳಿದೆ. (ವಕೀಲನಾದವನು ಕಂಡವರಿಗೆಲ್ಲ ಬುದ್ಧಿ ಹೇಳಿ ಮುಗಿಸುವಷ್ಟರಲ್ಲಿ ಮನೆಗೆ ತರಲು ಏನೂ ಉಳಿದಿರುವುದಿಲ್ಲ.)

ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಕೂಪನ್ ಬಂದಾಗ ನನ್ನ ಮುದಿ ಕಾರಿಗೆ ಸೀಮೆಎಣ್ಣೆ ಕುಡಿಸಿದ್ದೆ. ಯುದ್ಧ ಮುಗಿಯಿತು, ಅದರ ಜೊತೆಗೆ ಇಂಜಿನೂ ಮುಗಿಯಿತು. ಆಮೇಲೆ ಅದು ಹೊನ್ನಾವರದ ನಮ್ಮ ಮನೆಯೆದುರು ಹಪ್ಪಳ ಒಣಗಿಸುವ ಸಿಂಹಾಸನವಾಗಿ ವಿರಾಜಿಸುತ್ತಿತ್ತು. ಅಷ್ಟರಲ್ಲಿ ಶರಾವತಿಯಲ್ಲಿ ಓಡುತ್ತಿದ್ದ ಹಳೆಯ ಲಾಂಚೊಂದನ್ನು ಯಾರೋ ಬಿಚ್ಚಿ ಮಾರಿದರು. ಅದಕ್ಕೆ ಎರಡು ಇಂಜಿನು. ಗ್ಯಾರೇಜಿನ ದೇವಪ್ಪ ಓಡಿ ಬಂದ.

"ವಕೀಲ್ರೇ, ಒಂದು ತಕಂಡು ಕಾರಿಗೆ ಕೂರ್ಸುವಾ. ಇಂಜಿನ್ ಅಂದ್ರೆ ಇಂಜಿನ್ನೇ. ನೀರಲ್ಲಿ ಓಡಿದ್ದು ನೆಲದಲ್ಲಿ ಓಡೂದಿಲ್ಲ ಅಂತ ಎಂತದೂ ಇಲ್ಲ."

ಕೂರಿಸಿದ. ಅದು ಕೂತಿತು. ಕೂತೇ ಇತ್ತು.

ಇಷ್ಟೇ ಆಗಿದ್ದರೆ ನಾನು ಮತ್ತೆ ಹಪ್ಪಳ ಹರವಿಸಿ ಸುಮ್ಮನಾಗುತ್ತಿದ್ದೆ. ಆದರೆ ನನ್ನ ಹೆಂಡತಿ ಮಹಾಲಕ್ಷ್ಮಿಯ ತಂಗಿ ಸುಮತಿಗೆ ಭಟ್ಕಳದ ಹುಡುಗನೊಡನೆ ಮದುವೆ ನಿಶ್ಚಯವಾಗಿತ್ತು. ತಾಯಿ ಇಲ್ಲದ ಆ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಇವಳೇ. ದಿಬ್ಬಣ ಹೊನ್ನಾವರದಲ್ಲಿ ಹೊಳೆ ದಾಟಿ ಇವಳ ತವರು ಕುಮಟೆಗೆ ಹೋಗಬೇಕು. "ಮದುಮಗ ಬಾಡಿಗೆ ಗಾಡಿಯಲ್ಲಿ ಬಪ್ಪದು ಬ್ಯಾಡ, ನಮ್ಮನೆ ಕಾರಲ್ಲೇ ಬತ್ತ" ಎಂದು ಇವಳು ತವರಿಗೆ ಹೇಳಿ ಕಳಿಸಿದಳು. ನಮ್ಮ ಮಾವನವರು ನೆಂಟರ ಎದುರಿಗೇ, "ಆ ಕಾರಿಗೆ ಕಟ್ಟೂಲೆ ಎತ್ತು ಯಾರ ಮನೇದು?" ಎಂದು ಕೇಳಿದರಂತೆ. ಆ ಮಾತು ಇವಳ ಕಿವಿಗೆ ಬಿತ್ತು.

"ಕಾರು ಹೋಗದೇ ಇದ್ರೆ ಆನೂ ಮದುವೆಗೆ ಹೋಪದಿಲ್ಲೆ" ಎಂದಳು. ಹೇಳಿದ್ದನ್ನು ಮಾಡುವ ಹೆಂಗಸು ಅವಳು, ಅದೇ ನನ್ನ ಭಯ.

ಅಂದಿನಿಂದ ಶುರುವಾಯಿತು ಇಂಜಿನಿನ ಶುಶ್ರೂಷೆ. ಹ್ಯಾಂಡಲ್ ಹಾಕಿ ತಿರುಗಿಸಿ ತಿರುಗಿಸಿ ನನ್ನ ರಟ್ಟೆ ಬಿದ್ದುಹೋಯಿತು. ದೇವಪ್ಪ ಮೊದಲು ಪೆಟ್ರೋಲು ಬರುತ್ತಿಲ್ಲ ಎಂದ. ನಳಿಗೆ ಬಿಚ್ಚಿದರೆ ನನ್ನ ಧೋತರದ ಮೇಲೆಯೇ ಬಂತು. ಹಾಗಾದರೆ ಕಿಡಿ ಇಲ್ಲ ಎಂದ. ಪ್ಲಗ್ಗನ್ನು ನನ್ನ ಕೈಗೆ ಕೊಟ್ಟು ಹ್ಯಾಂಡಲ್ ತಿರುಗಿಸಿದ. ಕಿಡಿ ಇತ್ತು, ಹೆಗಲವರೆಗೂ ಇತ್ತು.

"ಹಂಗಾರೆ ಟೈಮಿಂಗ್ ಸರಿ ಇಲ್ಲ ವಕೀಲ್ರೇ."

"ನಿಂಗಳ ಟೈಮಿಂಗು ಎಂದು ಸರಿ ಇತ್ತು?" ಎಂದು ಒಳಗಿನಿಂದ ಮಹಾಲಕ್ಷ್ಮಿ ಕೇಳಿದಳು. "ನಾಳೆ ದಿಬ್ಬಣ. ಮೆಕ್ಯಾನಿಕ್ಕಿಗೆ ಎಂತದೂ ಗೊತ್ತಿಲ್ಲೆ, ನಿಂಗ ಅವನ ಮಾತು ಕೇಳ್ತಾ ನಿಂತಿದ್ರಿ."

ಮದುವೆಯ ಬೆಳಿಗ್ಗೆ ಇವಳು ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ನಿಂತ ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತುಬಿಟ್ಟಳು.

"ಇಳಿ ಮಾರಾಯ್ತಿ, ಬಸ್ಸಿಗೆ ಹೋಪ."

"ಹೋದ್ರೆ ಇದರಲ್ಲೇ ಹೋಪದು. ಇಲ್ದಿದ್ರೆ ಇಲ್ಲೇ ಕೂತ್ಕಂಬದು."

ಕೂತಲ್ಲೇ ಕಣ್ಣೊರೆಸಿಕೊಂಡಳು. ಜಗಳಕ್ಕೆ ನಾನು ಒಗ್ಗಿಹೋಗಿದ್ದೇನೆ, ಇದಕ್ಕೆ ಒಗ್ಗಿಲ್ಲ. ಕೆಳಗೆ ಬಂದರಿನಲ್ಲಿ ಪಂಚವಾದ್ಯ ಕೇಳಿಸಿತು. ದಿಬ್ಬಣದ ದೋಣಿ ದಡಕ್ಕೆ ಬರುತ್ತಿತ್ತು.

ದೇವಪ್ಪ ಬಂದರಿನ ಹಮಾಲರನ್ನು ಕರೆತಂದು, ಮೇಲಿನಿಂದ ಇಳಿಜಾರಿಗೆ ಬಿಟ್ಟು ಹೊರಡಿಸೋಣವೆಂದು ಕಾರನ್ನು ಏರಿನ ಮೇಲಕ್ಕೆ ತಳ್ಳಿಸತೊಡಗಿದ. ನಾನು ಗೇರು ಹಾಕಿ, ಕ್ಲಚ್ಚು ಒತ್ತಿ ಕೂತಿದ್ದೆ. ಅರ್ಧ ಏರಿನಲ್ಲಿ ಹಮಾಲರಿಗೆ ಉಸಿರು ಕಟ್ಟಿತು, ಕೈ ಬಿಟ್ಟರು. ಕಾರು ಹಿಮ್ಮುಖವಾಗಿ ಇಳಿಯತೊಡಗಿತು. ಗಾಬರಿಯಲ್ಲಿ ಬ್ರೇಕು ಹುಡುಕುತ್ತ ಕ್ಲಚ್ಚಿನ ಮೇಲಿನ ಕಾಲು ತೆಗೆದೆ.

ಇಂಜಿನು ಗರ್ಜಿಸಿತು. ಕಾರು ನಿಂತಿತೇ? ಇಲ್ಲ. ಇನ್ನೂ ಜೋರಾಗಿ ಹಿಂದಕ್ಕೇ ಓಡಿತು. ಮೀನಿನ ಬುಟ್ಟಿಯ ಹೆಂಗಸರು ನನ್ನ ವಂಶವನ್ನು ನೆನೆಯುತ್ತ ದಾರಿ ಬಿಟ್ಟರು. ಕೊನೆಗೆ ಎರಡೂ ಕಾಲಿಗೆ ಸಿಕ್ಕಿದ್ದನ್ನೆಲ್ಲ ಒತ್ತಿದಾಗ ಕಾರು ಮದುಮಗನ ಎದುರಿಗೆ ಹೋಗಿ ನಿಂತಿತು. ಇಂಜಿನು ಮಾತ್ರ ಓಡುತ್ತಲೇ ಇತ್ತು.

ದೇವಪ್ಪ ಏದುಸಿರು ಬಿಡುತ್ತ ಬಂದ. "ಈಗ ಗೊತ್ತಾತು ವಕೀಲ್ರೇ. ಲಾಂಚಿನ ಒಂದು ಇಂಜಿನು ಬಲಕ್ಕೆ ತಿರುಗ್ತದೆ, ಇನ್ನೊಂದು ಎಡಕ್ಕೆ. ನಾವು ತಂದದ್ದು ಎಡದ್ದು. ಇಷ್ಟು ದಿನ ಅದನ್ನ ಉಲ್ಟಾ ತಿರುಗಿಸ್ತಿದ್ವು. ಈಗ ಮುಂದಿನ ಗೇರೆಲ್ಲ ಹಿಂದೆ ಹೋಗ್ತದೆ."

"ಹಂಗಾದ್ರೆ ಹಿಂದಿನ ಗೇರು ಮುಂದೆ ಹೋಗಬೇಕಲ್ಲ?"

"ಅದರ ಹಲ್ಲು ಉದುರಿ ಯಾವ ಕಾಲ ಆತು. ಇಂಜಿನ್ ಬಂದ್ ಮಾತ್ರ ಮಾಡಬೇಡಿ, ಹಿಂದಕ್ಕೆ ತಳ್ಳದೇ ಮತ್ತೆ ಹೊರಡಿಸೂಕೆ ಬರೂದಿಲ್ಲ."

ದಿಬ್ಬಣದ ಹಿರಿಯರೊಬ್ಬರು ಅನುಮಾನದಿಂದ ಕೇಳಿದರು. "ಕುಮಟೆ ಆಚೆ ಅಲ್ದಾ? ಹಿಂದೆ ಹಿಂದೆ ಹೋಪ ಕಾರಲ್ಲಿ ಅಲ್ಲಿಗೆ ಹೋಪದು ಹ್ಯಾಂಗೆ?"

ಮಹಾಲಕ್ಷ್ಮಿ ಸೀರೆ ಸರಿಪಡಿಸಿಕೊಂಡು ಇಳಿದಳು. "ಮದುಮಗ ಯಾವ ಬದಿ ನೋಡ್ತನೋ ಅದೇ ಮುಂದೆ" ಎಂದಳು. (ಕೋರ್ಟಿನಲ್ಲಿ ಇಂಥ ವಾದ ನನಗೆ ಒಂದು ಸಲವೂ ಹೊಳೆದಿಲ್ಲ.) ಕಾರಿನ ಟಾಪು ಮಡಚಿಸಿ, ಅದರ ಮೇಲೆ ಜಮಖಾನ ಹಾಸಿ, ಮದುಮಗನನ್ನು ಹಿಂದಕ್ಕೆ ಮುಖ ಮಾಡಿ ಕೂರಿಸಿ, ತಾನೂ ಹಿಂದಿನ ಸೀಟಿನಲ್ಲಿ ಅತ್ತಲೇ ತಿರುಗಿ ಕೂತಳು. ಹೇಗೋ ಹಿಂಬದಿಯನ್ನು ಕುಮಟೆಯತ್ತ ತಿರುಗಿಸಿ ಹೊರಡಿಸಿದೆ. ಮದುಮಗ ಕುಮಟೆಯತ್ತ, ಇವಳು ಕುಮಟೆಯತ್ತ. ಹೊನ್ನಾವರದತ್ತ ಮುಖ ಮಾಡಿ ಕೂತು ಕುಮಟೆಗೆ ಕಾರು ಬಿಡುವ ಯೋಗ ನನ್ನೊಬ್ಬನಿಗೆ.

ಕುತ್ತಿಗೆ ತಿರುಚಿ ಹಿಂದೆ ನೋಡಿದರೆ ಕಾಣುವುದು ಮದುಮಗನ ಬೆನ್ನು ಮತ್ತು ಅವನ ಛತ್ರಿ. ದಾರಿಯನ್ನು ಇವಳೇ ಹೇಳಬೇಕು.

"ಎಡಕ್ಕೆ."

ನಾನು ಎಡಕ್ಕೆ ತಿರುಗಿಸಿದೆ.

"ಅಯ್ಯೋ, ನನ್ನ ಎಡ. ನಿಂಗಳ ಎಡ ಯಾರು ಕೇಳಿದ್ದ? ಗದ್ದೆಗೆ ಹೋತು, ಗದ್ದೆಗೆ."

ಹೀಗೆ ಗದ್ದೆಗೂ ರಸ್ತೆಗೂ ರಾಜಿ ಮಾಡಿಸುತ್ತ ಕುಮಟೆ ತಲುಪಿದೆವು. ಚಪ್ಪರದ ಬಾಗಿಲಲ್ಲಿ ಮಾವನವರು ಇಡೀ ಊರನ್ನು ಸೇರಿಸಿಕೊಂಡು ನಿಂತಿದ್ದರು. ನಗುವುದಕ್ಕೇ ನಿಂತಿದ್ದರೆಂದು ನನ್ನ ಗುಮಾನಿ. ಆದರೆ ಅವರಿಗೆ ಮೊದಲು ಕಂಡದ್ದು ಬಾಸಿಂಗ ಕಟ್ಟಿಕೊಂಡು ಎತ್ತರದಲ್ಲಿ ಕೂತ, ತಮ್ಮ ಕಡೆಗೇ ಮುಖ ಮಾಡಿ ಬರುತ್ತಿದ್ದ ಅಳಿಯ.

"ಬೇರೆ ಕಾರಲ್ಲಿ ಡ್ರೈವರನ ಮುಸುಡಿಯೇ ಮೊದಲು ಕಾಣ್ತು" ಎಂದರು ಮಾವನವರು. "ಇದರಲ್ಲಿ ಮದುಮಗನೇ ಮೊದಲು. ನಮ್ಮ ವಕೀಲ ತಲೆ ಓಡ್ಸಿದ್ದ."

ಸುಮತಿ ಓಡಿ ಬಂದು ಅಕ್ಕನನ್ನು ತಬ್ಬಿಕೊಂಡಳು. ಇಬ್ಬರೂ ಅತ್ತರು. ನನಗೂ ಸಂತೋಷವಾಗಿತ್ತು, ಆದರೆ ಅತ್ತ ತಿರುಗಿ ನೋಡಲು ಆಗಲಿಲ್ಲ. ಕುತ್ತಿಗೆ ಎಡ ಹೆಗಲಿನತ್ತ ತಿರುಗಿ ನಿಂತುಬಿಟ್ಟಿತ್ತು. ಧಾರೆಯ ಹೊತ್ತಿಗೆ ಎಲ್ಲರೂ ಮಂಟಪ ನೋಡುತ್ತಿದ್ದರೆ ನಾನು ಅಡಿಗೆ ಚಪ್ಪರವನ್ನೇ ದಿಟ್ಟಿಸುತ್ತಿದ್ದೆ. ವಕೀಲರಿಗೆ ಹಸಿವು ತಡೆಯುವುದಿಲ್ಲ ಎಂದು ಬೀಗರ ಕಡೆಯವರು ಮಾತಾಡಿಕೊಂಡರು.

ಹೊನ್ನಾವರಕ್ಕೆ ಬಂದ ಮೇಲೆ ಮಹಾಲಕ್ಷ್ಮಿ ನನ್ನನ್ನು ಜಗಲಿಯಲ್ಲಿ ಕೂರಿಸಿ ಕುತ್ತಿಗೆಗೆ ಬಿಸಿ ಎಣ್ಣೆ ತಿಕ್ಕತೊಡಗಿದಳು. ಇಂಥ ಉಪಚಾರ ನನಗೆ ಮದುವೆಯಾದ ಹೊಸತರಲ್ಲೂ ಸಿಕ್ಕಿರಲಿಲ್ಲ. ಆಗ ದೇವಪ್ಪ ಬಂದು, "ಲಾಂಚಿನ ಬಲಗಡೆ ಇಂಜಿನು ಇನ್ನೂ ಅಲ್ಲೇ ಉಂಟು. ಅದನ್ನ ಹಾಕಿದ್ರೆ ಕಾರು ಮುಂದೇ ಹೋಗ್ತದೆ" ಎಂದ.

"ಹಾಕು, ಇವತ್ತೇ ಹಾಕು" ಎನ್ನಲು ಬಾಯಿ ತೆರೆದೆ.

"ಬೇಡ ದೇವಪ್ಪ" ಎಂದಳು ಮಹಾಲಕ್ಷ್ಮಿ. "ಈ ಕಾರೇ ಬೇಕು ಅಂತ ಭಟ್ಕಳದವರು ಕೇಳಿದ್ದಾರೆ. ಅಪ್ಪಯ್ಯನೂ ಮತ್ತೆರಡು ಮದುವೆಗೆ ಮಾತು ಕೊಟ್ಟಿದ್ದಾರೆ. ಅದನ್ನ ಮುಟ್ಟಬೇಡ."

ಆಮೇಲೆ ನನ್ನ ಕುತ್ತಿಗೆಯನ್ನು ಒಮ್ಮೆ ನೋಡಿದಳು. ಅದು ಹಿಂದಿನ ಸೀಟಿನ ಕಡೆಗೆ ಸರಿಯಾಗಿ ತಿರುಗಿ ನಿಂತಿತ್ತು.

"ಹಾಂಗಾರೆ ಇದೂ ಹಿಂಗೇ ಇರ್ಲಿ" ಎಂದು ಎಣ್ಣೆಯ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದಳು.