ಖಾನೇಸುಮಾರಿ ಪಟ್ಟ್ಯಾಗ ನಮ್ಮ ಸೋದರಮಾವ

ಮಂದಿ ಎಣಸಾಕ ಹೋದ ಮಾಸ್ತರಗೆ ನಗೂ ಪ್ರಸಂಗ ಒಂದಲ್ಲ ಒಂದು ಎದುರಿಗೆ ಬಂದ ಬರತಾವು.

ಸ್ವಾತಂತ್ರ್ಯ ಬಂದ ಮ್ಯಾಲ ಮೊದಲನೇ ಖಾನೇಸುಮಾರಿ. ನಾನು ಡಂಬಳದಾಗ ಸಾಲಿ ಮಾಸ್ತರ. ಮನಿ ಮನಿಗೆ ಹೋಗಿ ಎಷ್ಟು ಮಂದಿ, ಮಾತಾಡೂ ಭಾಷಾ ಯಾವುದು ಅಂತ ಬರಕೊಳ್ಳೂ ಕೆಲಸ ನನ್ನ ಕೊರಳಿಗೆ ಬಿತ್ತು. ಕನ್ನಡ ಮಾತಾಡೋರು ಎಲ್ಲೆಲ್ಲಿ ಎಷ್ಟದಾರ ಅಂತ ಸರಕಾರಕ್ಕ ಗೊತ್ತಾದ್ರ ನಾಡು ಒಂದಾಗತೈತಿ ಅಂತ ಕಟ್ಟಿ ಮ್ಯಾಲ ದಿನಾ ಮಾತು.

ಅದನ್ನ ಕೇಳಿ ಎಲ್ಲಾರಕಿಂತ ಹೆಚ್ಚು ಆಸೆ ಹಚಗೊಂಡಾಕಿ ನಮ್ಮವ್ವ. ಆಕಿ ತವರುಮನಿ ಮುಂಡರಗಿ ದಾಟಿ ಹೈದರಾಬಾದ ಸೀಮ್ಯಾಗ. ನಡುವ ಗಡಿ ಮ್ಯಾಲ ಸುಂಕದ ನಾಕಾ. ಒಮ್ಮೆ ಅಲ್ಲಿಯ ಸಿಪಾಯಿ ಆಕಿ ಬುತ್ತಿ ಗಂಟು ಬಿಚ್ಚಿಸಿ, ಶೇಂಗಾ ಹೋಳಿಗಿಗೆ ಕೋಲು ಚುಚ್ಚಿ ನೋಡಿದ್ದ. ‘ಈ ನಾಕಾ ಹೋಗೂತನಕ ಈ ದಾರಿ ತುಳಿಯೂದಿಲ್ಲ’ ಅಂತ ಆಣಿ ಮಾಡಿ ಬಂದುಬಿಟ್ಲು. ಅತ್ತಾಗ ಆಕಿ ಅಣ್ಣಗ, ಅಂದ್ರ ನಮ್ಮ ಸೋದರಮಾವಗ, ಮೊಣಕಾಲ ಬ್ಯಾನಿ, ಗಾಡಿ ಹತ್ತಾಕ ಆಗ್ತಿರಲಿಲ್ಲ. ಸಂಜಿಗೊಮ್ಮೆ ಅವ್ವ ಮುಂಡರಗಿ ದಾರಿ ನೋಡಕೋತ ನಿಂತಿರತಿದ್ಲು.

ಎತ್ತು, ಅಳಿಯ

ಒಬ್ಬ ರೈತ ಮನಿಯಾಗ ಏಳು ಮಂದಿ ಅಂದ. ಹೆಸರು ಬರದ್ರ ಐದ ಆದುವು.

‘ಉಳದಿಬ್ಬರು?’

‘ದನದ ಮನ್ಯಾಗ ಅದಾವಲ್ರಿ, ಎತ್ತು.’

‘ದನಾ ಬರಕೊಳ್ಳಂಗಿಲ್ಲೋ ಮಾರಾಯ!’

ಆಂವಗ ಸಿಟ್ಟು ಬಂತು. ‘ದುಡಿಯೂವು ಅವ ಎರಡ ರೀ. ಬಿಡೂದ ಇದ್ರ ನಮ್ಮ ಅಳಿಯನ್ನ ಬಿಡ್ರಿ!’

ಅಳಿಯ ಅಲ್ಲೇ ಕುಂತು ಎಲಿಗೆ ಸುಣ್ಣ ಹಚ್ಚಾಕತ್ತಿದ್ದ.

ಸಾಹುಕಾರ್ರ ಭಾಷಾ

ಅಂಗಡಿ ಸಾಹುಕಾರ್ರು ಪೇಚಿಗೆ ಬಿದ್ರು. ‘ಪತ್ರ ಬರಿಯೂದು ಮರಾಠಿಯೊಳಗ, ವ್ಯಾಪಾರ ಹಿಂದುಸ್ತಾನಿಯೊಳಗ. ಯಾವುದು ಬರಸಲಿ ಮಾಸ್ತರ?’

ಒಳಗಿಂದ ಅವರ ಮನಿಯಾಕಿ ಅಂದ್ಲು: ‘ಕನ್ನಡ ಬರಕೋರಿ. ನನಗ ಬೈಯೂದೆಲ್ಲಾ ಅದರಾಗ ಐತಿ.’

ಕಡೇ ಮನಿ

ಕಡೀಕ ನಮ್ಮ ಮನಿ. ಅವ್ವ ನೆಟ್ಟಗ ಕುಂತು, ‘ಅಣ್ಣ, ಅತ್ತಿಗಿ, ಅವರ ಮಕ್ಕಳು...’ ಅಂತ ಶುರು ಮಾಡಿದ್ಲು. ಕೈ ತಾನ ಬರದಬಿಡ್ತು. ಆಮ್ಯಾಲ ಎಚ್ಚರಾತು.

‘ಯವ್ವಾ, ಅವರನ್ನ ಅಲ್ಲಿ ಬರಕೋತಾರ. ಎರಡೂ ಕಡಿ ಬರದ್ರ ಲೆಕ್ಕ ಸುಳ್ಳಾಗತೈತಿ.’

‘ಅವರೂ ಕನ್ನಡನ ಮಾತಾಡ್ತಾರಿಲ್ಲ? ಇರಲಿ ಬಿಡು. ನಾಡು ಜಲ್ದಿ ಒಂದಾಗತೈತಿ.’

ಆಕಿ ಕಣ್ಣ ಮುಂದ ಆ ಹೆಸರು ಹೊಡದು ಹಾಕಿದೆ. ಎರಡು ದಿನ ನನ್ನ ಕೂಡ ಮಾತಿಲ್ಲ.

ಮುಂದ ಖರೇನ ನಾಡು ಒಂದಾತು. ನಾಕಾನೂ ಹೋಗಿತ್ತು. ಗಾಡಿ ಹೂಡಿ ಅವ್ವನ್ನ ತವರಿಗೆ ಕರಕೊಂಡು ಹೋದೆ. ಅಣ್ಣ ತಂಗಿ ಕೈ ಕೈ ಹಿಡಕೊಂಡು ಸಾಕಾಗೂ ಮಟಾ ಅತ್ರು. ಮಾವ ಕಣ್ಣೊರಸಿಕೊಂಡು ಅಂದ: ‘ಖಾನೇಸುಮಾರಿ ಮಾಸ್ತರ ಇಲ್ಲೂ ಬಂದಿದ್ದ. ಮನಿ ಮಂದಿ ಹೆಸರು ಹೇಳ್ರಿ ಅಂದ. ನಿನ್ನ ಬಿಟ್ಟು ಹೆಂಗ ಹೇಳಲೆವ್ವ? ಮೊದಲ ನಿನ್ನ ಹೆಸರ ಬರಸಿದೆ.’

ನಾ ನಡುವ ಬಾಯಿ ಹಾಕಿದೆ. ‘ಮಾವಾ, ತಂಗಿ ಇಲ್ಲಿ ಇಲ್ಲಂತ ಹೇಳಲಿಲ್ಲನು? ಆಂವ ಹೊಡದು ಹಾಕಲಿಲ್ಲನು?’

‘ಹೇಳಿದ್ನೆಪಾ. ಯಾಕ ಹೊಡೀತಾನ? ಆಂವನೂ ತಂಗಿನ್ನ ನಾಕಾದಾಚಿ ಕೊಟ್ಟಾಂವ.’

ಅವ್ವ ಅಳೂದು ಬಿಟ್ಟು ನನ್ನ ಕಡೆ ತಿರುಗಿದ್ಲು.

‘ನೋಡಲೇ, ಮಾಸ್ತರ ಅಂದ್ರ ಆಂವ!’