ಫೋನ್ ಬಂದ್ ಮಾಡಿದ ಹೆಡ್‌ಮಾಸ್ತರರು

ಮುರುಮ ಊರಿನ ಆಚೆಯ ನಮ್ಮ ಹೈಸ್ಕೂಲಿನಲ್ಲಿ ಒಂದು ಹೊಸ ನಿಯಮ ಬಂದರೆ ಸಾಕು, ಅದರ ಬೆನ್ನಿಗೇ ಒಂದು ತಮಾಷೆ ಬಂದು ಬಾಗಿಲಲ್ಲಿ ನಿಂತಿರುತ್ತದೆ. ಈ ವರ್ಷ ಹೆಡ್‌ಮಾಸ್ತರರು ಮಕ್ಕಳ ಫೋನ್ ಬಂದ್ ಮಾಡಿದರು. ಬೆಳಿಗ್ಗೆ ಪೆಟ್ಟಿಗೆಗೆ ಹಾಕಬೇಕು, ಸಂಜೆ ಒಯ್ಯಬೇಕು, ನಡುವೆ ಮುಟ್ಟುವಂತಿಲ್ಲ. ತಾಲೂಕಿನ ಸಾಹೇಬರು ಬಂದು ನೋಡಿ ಶಾಬಾಸ್ ಅನ್ನಬೇಕು, ಇದೊಂದೇ ಅವರ ಆಸೆ. ‘ಫೋನ್‌ಮುಕ್ತ ಶಾಲೆ’ ಎಂದು ಗೇಟಿನ ಮೇಲೆ ಮೊದಲೇ ಬರೆಸಿಬಿಟ್ಟಿದ್ದರು. ವಿಜ್ಞಾನ ಕಲಿಸುವ ನನಗೆ ಪೆಟ್ಟಿಗೆ ಕಾಯುವ ಕೆಲಸ.

೧. ದೇವರ ಚೀಲ

ಮೊದಲ ದಿನವೇ ಹುಡುಗನೊಬ್ಬನ ಕೊರಳಲ್ಲಿ ಚೀಲ ಕಂಡಿತು.

"ಏನಲೇ ಅದು?" ಎಂದರು ಹೆಡ್‌ಮಾಸ್ತರರು.

"ಬೀರಪ್ಪ ದೇವರ ಅರಿಶಿನ, ಭಂಡಾರ ಅದ ರೀ ಸರ್."

ಅವರು ಚಪ್ಪಲಿ ಬಿಟ್ಟು, ಹಣೆ ಮುಂದೆ ಮಾಡಿ, "ಜರಾ ಹಚ್ಚಪಾ" ಎಂದರು. ಅಷ್ಟರಲ್ಲಿ ಚೀಲ ಗುರ್ರೆಂದು ನಡುಗಿತು. ಹುಡುಗ ಕಣ್ಣು ಪಿಳುಕಿಸದೆ, "ಭಾಳ ಜಾಗೃತ ದೇವ್ರು ರೀ" ಎಂದ.

ಹೆಡ್‌ಮಾಸ್ತರರು ಚೀಲಕ್ಕೆ ಕೈ ಹಾಕಿ, ಅರಿಶಿನ ಮೆತ್ತಿದ ಫೋನ್ ತೆಗೆದು ಕಿವಿಗಿಟ್ಟರು. ಅತ್ತ ಹುಡುಗನ ತಾಯಿ: "ಡಬ್ಬಿ ಮರ್ತು ಹೋಗಿಯಲ್ಲೋ, ಖೋಡಿ!" ಆ ದಿನವಿಡೀ ಹೆಡ್‌ಮಾಸ್ತರರು ಹಳದಿ ಕಿವಿಯಲ್ಲೇ ಪಾಠ ಮಾಡಿದರು. ಹೇಳುವ ಧೈರ್ಯ ಯಾರಿಗಿತ್ತು?

೨. ಪೆಟ್ಟಿಗೆಯ ಮೋಟಾರು

ಒಂದು ಮಧ್ಯಾಹ್ನ ಕಬ್ಬಿನ ರೈತರೊಬ್ಬರು ಓಡಿ ಬಂದರು. ಅವರ ಹೊಲದ ಮೋಟಾರು ಫೋನ್ ಹಚ್ಚಿದರೆ ಚಾಲೂ ಆಗುವಂಥದ್ದು. ಅದಕ್ಕೆ ಜೋಡಿಸಿದ್ದು ಮಗನ ನಂಬರು. ಆ ಫೋನು ನಮ್ಮ ಪೆಟ್ಟಿಗೆಯಲ್ಲಿ.

"ಸರ್, ಕರೆಂಟ್ ಬಂದದ. ಹುಡುಗನ ಕೈಯಾಗ ಫೋನ್ ಕೊಡ್ರಿ."

"ಶಾಲಿ ವ್ಯಾಳ್ಯಾದಾಗ ಅಂವಾ ಮುಟ್ಟಂಗಿಲ್ಲ" ಎಂದರು ಹೆಡ್‌ಮಾಸ್ತರರು.

"ಹಂಗಾರ ನೀವೇ ಹಚ್ರಿ!"

ಹಚ್ಚಿದರು. ಸುದ್ದಿ ಹಬ್ಬಿತು. ಈಗ ಕರೆಂಟ್ ಬಂದ ಕೂಡಲೇ ಅವರು ಇತಿಹಾಸದ ಪಾಠ ನಿಲ್ಲಿಸಿ ಪೆಟ್ಟಿಗೆಯ ಫೋನುಗಳಿಂದ ಅರ್ಧ ಊರಿನ ಮೋಟಾರು ಹಚ್ಚುತ್ತಾರೆ. ಎಂ.ಎ., ಬಿ.ಎಡ್. ಮಾಡಿದ ನೀರಗಂಟಿ ಬೇರೆ ಯಾವ ಊರಿನಲ್ಲಿದ್ದಾನೆ, ತೋರಿಸಿ!

೩. ಸಾಹೇಬರು ಬಂದರು

ಕೊನೆಗೂ ಸಾಹೇಬರು ಬಂದರು. ಚಹಾ ಕುಡಿಯುತ್ತ "ಛಾನ್, ಛಾನ್" ಎಂದು ಮರಾಠಿಯಲ್ಲಿ ಮೆಚ್ಚುತ್ತಿರುವಾಗ ಹೆಡ್‌ಮಾಸ್ತರರ ಫೋನ್ ಹೊಡೆದುಕೊಂಡಿತು.

"ನೋಡ್ರಿ ಸಾಹೇಬ್ರ, ಪಾಲಕರು ಹುಡುಗರಿಗಲ್ಲ, ನನಗೇ ಫೋನ್ ಮಾಡ್ತಾರ" ಎಂದು ಹೆಮ್ಮೆಯಿಂದ ಸ್ಪೀಕರ್ ಹಾಕಿದರು.

ಹತ್ತನೆಯ ತರಗತಿಯ ಹುಡುಗಿಯ ತಂದೆ, ಕುರಿ ಕಾಯುವವರು. "ಸರ್, ಕುರಿ ಎಲ್ಲಾ ಮಂದಿ ಕಬ್ಬಿನಾಗ ಹೊಕ್ಕಾವ ರೀ! ಮುಂದಿನ ಟಗರು ನನ್ನ ಮಾತ ಕೇಳಂಗಿಲ್ಲ, ಮಗಳ ದನಿಗೇ ಬರ್ತದ. ಆಕಿಗಿ ಫೋನ್ ಕೊಡ್ರಿ, ನಾ ಇಲ್ಲಿ ಸ್ಪೀಕರ್ ಹಾಕೀನಿ, ಹೊಲದ ಮಾಲಕ ಬಡಿಗಿ ಹಿಡಕೊಂಡು ಬರ್ಲತ್ಯಾನ!"

ನಾನೇ ಓಡಿ ಹುಡುಗಿಯನ್ನು ಕರೆತಂದೆ. ಫೋನ್ ಕೊಡೋಣವೆಂದರೆ ಸಾಹೇಬರು ಎದುರಿಗೇ ಕೂತಿದ್ದಾರೆ. ಹೆಡ್‌ಮಾಸ್ತರರು ಬೆವರುತ್ತ, ಫೋನಿಗೆ ಅಂಗೈ ಮುಚ್ಚಿ, "ನೀ ಮುಟ್ಟಬ್ಯಾಡ. ಹ್ಯಾಂಗ ಒದರ್ತಿ ಹೇಳು, ನಾ ಒದರ್ತೀನಿ" ಎಂದರು.

"ಹುರ್ರ್ಯೋ ಅನ್ನಬೇಕ್ ರೀ. ದನಿ ಮೂಗಿನಾಗಿಂದ ಬರ್ಬೇಕು."

ಹೆಡ್‌ಮಾಸ್ತರರು ಕಣ್ಣು ಮುಚ್ಚಿ, ಅಂಗೈ ತೆಗೆದು, "ಹುರ್ರ್ಯೋ!" ಎಂದು ಒದರಿದರು. ಬಾಗಿಲಲ್ಲಿದ್ದ ಶಾಲೆಯ ಸಿಪಾಯಿ ಹೊರಗೆ ಓಡಿದ. ಸಾಹೇಬರ ಚಹಾ ಅಂಗಿಯ ಮೇಲೆ ಚೆಲ್ಲಿತು.

"ಅಯ್ಯೋ, ಹೆದರಿ ಇನ್ನೂ ಒಳಗ ಹೊಂಟಾವ ರೀ!" ಎಂದರು ಅತ್ತಲಿಂದ ತಂದೆ.

ಹುಡುಗಿಗೆ ತಡೆಯಲಾಗಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಫೋನಿನ ಕಡೆ ಬಗ್ಗಿ ಒಮ್ಮೆ ಕೂಗಿದಳು. ಅತ್ತ ಕೊರಳಗಂಟೆಯ ಸದ್ದು ಹತ್ತಿರ ಹತ್ತಿರ ಬಂತು. "ಬಂದ್ವು! ಎಲ್ಲಾ ಬಂದ್ವು!"

ಸಾಹೇಬರು ಅಂಗಿ ಒರೆಸಿಕೊಳ್ಳುತ್ತ, "ಹುಡುಗಿ ಫೋನ್ ಮುಟ್ಟಲೇ ಇಲ್ಲ. ಶಾಬಾಸ್!" ಎಂದರು. ಹೆಡ್‌ಮಾಸ್ತರರ ಮುಖ ಅರಳಿತು. ಅಷ್ಟರಲ್ಲಿ ಸ್ಪೀಕರಿನಿಂದ ತಂದೆಯ ದನಿ ಮತ್ತೆ ಬಂತು:

"ಸರ್, ನನ್ನ ಮಗಳಕಿನ್ನ ಮದಲ ಒಬ್ಬ ಉಡಾಳ ಹುಡುಗ ಒದರಿದ್ನಲ್ಲ, ಅಂವನ ಫೋನ್ ಮದಲ ಕಸಗೊಳ್ರಿ!"