ಅಳಿಯ ತಂಡ ಬಿಟ್ಟು ಹೋದ ಮೇಲೆ

ನಮ್ಮ ಅತ್ತೆ ಇದುವರೆಗೆ ಅಮೆರಿಕದಲ್ಲಿ ಕಾಲಿಟ್ಟಿಲ್ಲ. ಆದರೆ ಅಲ್ಲಿಯ ಬಾಸ್ಕೆಟ್‌ಬಾಲ್ ಆಟಗಾರರಲ್ಲಿ ಯಾರು ಸಜ್ಜನ, ಯಾರು ಮೈಗಳ್ಳ, ಯಾರು ನಂಬಿದವರ ಕೈಬಿಡುವವನು ಎಂಬುದನ್ನೆಲ್ಲ ಜಯನಗರದ ತಮ್ಮ ಮನೆಯ ಸೋಫಾದಲ್ಲಿ ಕುಳಿತೇ ತೀರ್ಮಾನಿಸುತ್ತಾರೆ. ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಕಾಲೇಜಿನ ದಿನಗಳಲ್ಲಿ ಸ್ವತಃ ಒಂದು ಕ್ಲಬ್ಬಿಗೆ ಬಾಸ್ಕೆಟ್‌ಬಾಲ್ ಆಡಿದವರು. ಅವರ ಮನೆಯ ಮಹಡಿಯಲ್ಲೇ ನನ್ನ ವಾಸ. ಹೀಗಾಗಿ ಪ್ಲೇಆಫ್ ಶುರುವಾದರೆ ನನಗೆ ಅಲಾರಂ ಬೇಕಿಲ್ಲ. ಲೀಗ್ ಮುಗಿದ ಮೇಲೆ ಗೆದ್ದ ತಂಡಗಳು ಕಪ್ಪಿಗಾಗಿ ಹೊಡೆದಾಡುವ ಹಂತ ಅದು. ಅಲ್ಲಿ ರಾತ್ರಿ ಆಡಿದ ಆಟ ನಮಗೆ ತಿಂಡಿಯ ಹೊತ್ತಿಗೆ ಬರುತ್ತದೆ. "ಓಡೋ, ಹಿಂದಕ್ಕೆ ಓಡೋ! ಚೆಂಡು ಕಳ್ಕೊಂಡು ನಿಂತ್ಕೊಂಡ್ ನೋಡ್ತಾನೆ, ಸೋಂಬೇರಿ" ಎಂಬ ಅತ್ತೆಯ ದನಿ ಮಹಡಿಯ ನೆಲವನ್ನು ಸೀಳಿಕೊಂಡು ಬಂದು ನನ್ನನ್ನು ಎಬ್ಬಿಸುತ್ತದೆ. ಪಕ್ಕದ ಮನೆಯ ಹುಡುಗರೂ ಬೆಚ್ಚಿಬಿದ್ದು ಓದಲು ಕೂರುತ್ತಾರೆಂದು ಕೇಳಿದ್ದೇನೆ.

ಅತ್ತೆಗೆ ಅಲ್ಲಿ ಒಂದು ತಂಡ ಇದೆ. ಅದನ್ನು 'ನಮ್ಮೋರು' ಎನ್ನುತ್ತಾರೆ. ಯಾಕೆ ನಮ್ಮೋರು? ಆ ತಂಡದ ಕೋಚ್ ಅತ್ತೆಗೆ ಲೆಕ್ಕ ಹೇಳಿಕೊಟ್ಟ ಮೇಷ್ಟರ ಹಾಗೆ ಕಾಣುತ್ತಾರಂತೆ. ಇದಕ್ಕಿಂತ ಬಲವಾದ ಕಾರಣ ಬೇಕೆ? ಆಟಗಾರರ ಹೆಸರುಗಳಿಗೆ ನಾಲಿಗೆ ಹೊರಳುವುದಿಲ್ಲವಾದ್ದರಿಂದ ಎಲ್ಲರಿಗೂ ಅತ್ತೆಯೇ ನಾಮಕರಣ ಮಾಡಿದ್ದಾರೆ. ಒಬ್ಬ ತೆಂಗಿನಮರ, ಒಬ್ಬ ಗುಂಡಪ್ಪ. ಮತ್ತೊಬ್ಬ ಅಳಿಯ.

ಈ ಅಳಿಯನದೇ ಕಥೆ. ಅವನು ಹಲವು ವರ್ಷ 'ನಮ್ಮೋರ' ಕಣ್ಮಣಿಯಾಗಿದ್ದ. ಅವನಿಗೆ ನೆಗಡಿಯಾದರೆ ಅತ್ತೆ ಇಲ್ಲಿ ಮೆಣಸಿನ ಸಾರು ಮಾಡುತ್ತಿದ್ದರು, ಕುಡಿಯುತ್ತಿದ್ದವರು ಮಾವ. ಎರಡು ವರ್ಷದ ಹಿಂದೆ ಅಳಿಯ ಬೇರೆ ತಂಡಕ್ಕೆ ಹೋಗಿಬಿಟ್ಟ. ಅಂದಿನಿಂದ ಅವನು ಉಸಿರಾಡಿದರೂ ಅಪರಾಧ. ಚೆಂಡು ಬುಟ್ಟಿಗೆ ಹಾಕಿದರೆ, "ನಮ್ಮಲ್ಲಿದ್ದಾಗ ಈ ಆಟ ಎಲ್ಲಿ ಹೋಗಿತ್ತು?" ಹಾಕದಿದ್ದರೆ, "ನೋಡಿದ್ಯಾ, ಅಲ್ಲೂ ಹೋಗಿ ಅಷ್ಟೇ."

"ಹಾಕಿದ್ರೂ ತಪ್ಪು, ಬಿಟ್ರೂ ತಪ್ಪು. ಪಾಪ, ಇನ್ನೇನ್ ಮಾಡ್ಬೇಕು ಅತ್ತೆ ಅವನು?" ಎಂದು ಕೇಳಿದೆ.

"ವಾಪಸ್ ಬರ್ಬೇಕು" ಎಂದರು ಅತ್ತೆ.

ಮಾವ ರಸಾಯನಶಾಸ್ತ್ರದ ಮೇಷ್ಟರಾಗಿದ್ದವರು, ಜಗಳ ಎಂದರೆ ಆಗದು. ಒಮ್ಮೆ ಪೇಪರಿನಿಂದ ತಲೆಯೆತ್ತಿ, "ಅವನಿಗೂ ಏನೋ ಕಷ್ಟ ಇತ್ತೇನೋ" ಎಂದುಬಿಟ್ಟರು. ಅವತ್ತು ಮಾವನ ಕಾಫಿಗೆ ಸಕ್ಕರೆ ಬೀಳಲಿಲ್ಲ.

ಹೋದ ವರ್ಷ ಸತ್ಯನಾರಾಯಣ ಪೂಜೆಯ ದಿನ ಸರಿಯಾಗಿ ಪಂದ್ಯವೂ ಬಿತ್ತು. ಪುರೋಹಿತರು ಬಂದು ಮಂಡಲ ಬರೆದು ಕಾಯುತ್ತಾ ಕೂತರು. "ಸ್ವಲ್ಪ ತಾಳಿ, ಎಕ್ಸ್‌ಟ್ರಾ ಟೈಮ್ ಕೊಟ್ಟಿದ್ದಾರೆ" ಎಂದು ಅತ್ತೆ ಅವರನ್ನು ಟೀವಿಯ ಮುಂದೆಯೇ ಕೂರಿಸಿದರು. ಪುರೋಹಿತರು ಮುಖ ಸಿಂಡರಿಸಿಕೊಂಡೇ ನೋಡತೊಡಗಿದರು. ಆಟ ಮುಗಿದು ಪೂಜೆ ಸಾಂಗವಾಗಿ ನಡೆಯಿತು. ಸಂಕಲ್ಪ ಹೇಳಿಸುವಾಗ ಮಾತ್ರ ಅವರು ಮಧ್ಯದಲ್ಲಿ ತಡೆದು, "ಆದ್ರೂ ಅಮ್ಮ, ಕೊನೇಲಿ ಆದದ್ದು ಫೌಲ್ ಅಲ್ವೇ?" ಎಂದು ಕೇಳಿದರು. ಅತ್ತೆ ದಕ್ಷಿಣೆಯ ಜೊತೆ ಎರಡು ತೆಂಗಿನಕಾಯಿ ಹೆಚ್ಚಿಗೆ ಕೊಟ್ಟರು.

ಈ ಬಾರಿ ನಮ್ಮೋರಿಗೂ ಅಳಿಯನ ತಂಡಕ್ಕೂ ಎದುರುಬದುರು ಬಿತ್ತು. ಅತ್ತೆಯ ಕೋಪ ನೋಡಿ ನನಗೇ ಗಾಬರಿಯಾಯಿತು. ತರಕಾರಿ ತರಲು ಹೋದಾಗ ಮಾವನನ್ನು ಕೇಳಿದೆ.

"ಇದು ಆ ಹುಡುಗನ ಮೇಲಿನ ಕೋಪ ಅಲ್ಲಪ್ಪ" ಎಂದರು ಮಾವ, ಬೀನ್ಸ್ ಮುರಿದು ನೋಡುತ್ತಾ. "ನಿಮ್ಮತ್ತೆ ಜೊತೆ ಒಬ್ರು ಆಡ್ತಿದ್ರು. ಊಟ, ನಿದ್ದೆ ಎಲ್ಲಾ ಜೊತೇಲೇ. ಒಂದಿನ ಅವ್ರು ಹೇಳ್ದೆ ಕೇಳ್ದೆ ಬೇರೆ ಕ್ಲಬ್ಬಿಗೆ ಹೋಗ್ಬಿಟ್ರು. ಆ ವರ್ಷ ಫೈನಲ್ಲಲ್ಲಿ ಇವ್ರನ್ನೇ ಸೋಲಿಸಿದ್ರು. ಜೆ.ಪಿ. ನಗರದಲ್ಲೇ ಇದ್ದಾರೆ. ಅವತ್ತಿಂದ ಮಾತಿಲ್ಲ."

ಆ ಎರಡು ತಂಡಗಳ ಸರಣಿಯ ಕೊನೆಯ ಪಂದ್ಯದ ಹಿಂದಿನ ಸಂಜೆ ಜೋರು ಗಾಳಿಮಳೆ ಬಂದು ಹೋಗಿತ್ತು. ಬೆಳಿಗ್ಗೆ ಆಟ ಅರ್ಧ ಮುಗಿದಿರುವಾಗ ಬಾಗಿಲ ಗಂಟೆ ಸದ್ದಾಯಿತು. ನಾನು ತೆರೆದೆ. ನರೆಗೂದಲಿನ, ಬಾಗಿಲೆತ್ತರದ ಹೆಂಗಸೊಬ್ಬರು ಆಟೋದವನನ್ನು ಕಳಿಸಿ ಒಳಗೆ ಇಣುಕಿದರು.

"ಮರ ಬಿದ್ದು ನಮ್ಮ ಕಡೆ ಕರೆಂಟಿಲ್ಲ ಕಣೇ. ಫೋನೂ ಸತ್ತೋಗಿದೆ" ಎಂದರು ನೇರವಾಗಿ ಅತ್ತೆಗೆ. "ನೀನು ನೋಡ್ದೆ ಇರಲ್ಲ ಅಂತ ಗೊತ್ತಿತ್ತು. ಬರ್ಬೋದಾ?"

ಮಾವ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ನಲವತ್ತು ವರ್ಷಕ್ಕೂ ಮೀರಿದ ಮೌನವನ್ನು ಅತ್ತೆ ಹೇಗೆ ಮುರಿದರು ಗೊತ್ತೆ? ಟೀವಿಯಿಂದ ಕಣ್ಣು ಕೀಳದೆ, "ಚಪ್ಪಲಿ ಹೊರಗೆ ಬಿಟ್ಟು ಬೇಗ ಬಾ, ಮೂರನೇ ಕ್ವಾರ್ಟರ್ ನಡೀತಿದೆ" ಎಂದರು.

ಇಬ್ಬರೂ ಸೋಫಾದ ಎರಡು ತುದಿಗಳಲ್ಲಿ ಕುಳಿತರು. ನಡುವೆ ನಾನು. ಪರದೆಯ ಮೇಲೆ ಅಳಿಯ ಕುಂಟುತ್ತಿದ್ದ.

"ನಾಟಕ" ಎಂದರು ಅತ್ತೆ. "ಸೋಲ್ತೀವಿ ಅಂತ ಗೊತ್ತಾದ್ರೆ ಸಾಕು, ಕಾಲು ನೋವು ಬರುತ್ತೆ."

"ನಾಟಕ ಅಲ್ಲ. ಹೆಜ್ಜೆ ಇಡೋದು ನೋಡು. ಕಾಲು ಊದಿದೆ, ಶೂ ಕಚ್ತಿದೆ."

"ನಿಂಗ್ ಹೇಗೆ ಗೊತ್ತು?"

"ನಂಗೊತ್ತಿಲ್ದೆ ಇನ್ಯಾರಿಗ್ ಗೊತ್ತಿರುತ್ತೆ?" ಎಂದರು ಗೆಳತಿ. "ನಿನ್ನ ಹಳೇ ಕ್ಯಾನ್ವಾಸ್ ಶೂ ಹಾಕ್ಕೊಂಡೇ ಅಲ್ವಾ ನಾನು ಆಡಿದ್ದು? ನನ್ನ ಕಾಲು ನಿನಗಿಂತ ದೊಡ್ದು ಕಣೇ. ಬೆರಳು ಮಡಚ್ಕೊಂಡು ಆಡ್ತಿದ್ದೆ."

ಅತ್ತೆ ಮೊದಲ ಬಾರಿಗೆ ಟೀವಿಯಿಂದ ತಿರುಗಿದರು. "ಒಂದಿನಾನೂ ಹೇಳ್ಲಿಲ್ಲ."

"ಹೇಗ್ ಹೇಳ್ಲಿ? ಅಷ್ಟು ಪ್ರೀತಿಯಿಂದ ಕೊಟ್ಟಿದ್ದೆ. ನಮ್ಮಪ್ಪನ ಹತ್ರ ಕೇಳೋ ಹಾಗಿರ್ಲಿಲ್ಲ. ಆ ಕ್ಲಬ್ಬಿನವ್ರು ಶೂ ಕೊಡ್ತೀವಿ ಅಂದ್ರು. ನನ್ನ ಅಳತೇದು."

ಯಾರೋ ಬುಟ್ಟಿಗೆ ಚೆಂಡು ಹಾಕಿರಬೇಕು, ಟೀವಿಯಲ್ಲಿ ಸಾವಿರಾರು ಜನ ಕೂಗುತ್ತಿದ್ದರು. ಅತ್ತೆ ಸೋಫಾದಿಂದಿಳಿದು, ಮೊಣಕಾಲು ನೋವಿಗೆ ನರಳುತ್ತಲೇ ನೆಲದ ಮೇಲೆ ಕುಳಿತರು. ಗೆಳತಿಯ ಪಾದವನ್ನೆತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡರು.

"ಯಾವ ಬೆರಳು?"

"ಬಿಡೇ, ಏನಿದು, ಇವ್ರೆಲ್ಲ ನೋಡ್ತಿದ್ದಾರೆ" ಎಂದು ಗೆಳತಿ ಕಾಲು ಎಳೆದುಕೊಳ್ಳಲು ನೋಡಿದರು.

ಅತ್ತೆ ಬಿಡಲಿಲ್ಲ.